ಹಳೆಯ ಕಂಪನಿಯ ಫಾರ್ಮ್ 16 ಬೇಕು, ಒಟಿಪಿ ಮಾತ್ರ ಮುಚ್ಚಿದ ಇಮೇಲ್‌ಗೆ ಹೋಗುತ್ತಿದೆ

ಬೆಣ್ಣೆನಗರಿ · 17 ಜೂನ್ 2025, ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ಕಳೆದ ಸೆಪ್ಟೆಂಬರ್ 30ರವರೆಗೆ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. ಮರುದಿನವೇ ಬೇರೆ ಕಡೆ ಸೇರಿದೆ. ಹೊಸ ಕಂಪನಿಯವರು ಕಳೆದ ಶುಕ್ರವಾರವೇ ಫಾರ್ಮ್ 16 (ಸಂಬಳದಿಂದ ಮುರಿದ ತೆರಿಗೆಯ ಪ್ರಮಾಣಪತ್ರ) ಕಳುಹಿಸಿದರು. ಹಳೆಯವರನ್ನು ಕೇಳಿದರೆ ಒಂದೇ ಸಾಲಿನ ಉತ್ತರ: "ಸಂಬಳದ ಪೋರ್ಟಲ್‌ನಲ್ಲಿದೆ, ಡೌನ್‌ಲೋಡ್ ಮಾಡಿಕೊಳ್ಳಿ."

ಪೋರ್ಟಲ್‌ಗೆ ಹೋದೆ. ಉದ್ಯೋಗಿ ಸಂಖ್ಯೆ ನೆನಪಿದೆ, ಪಾಸ್‌ವರ್ಡ್ ನೆನಪಿಲ್ಲ. ಮರೆತಿದ್ದೇನೆ ಎಂದು ಒತ್ತಿದರೆ ಒಟಿಪಿ ಕಳುಹಿಸಿದ್ದೇವೆ ಎನ್ನುತ್ತದೆ. ಎಲ್ಲಿಗೆ ಎಂದು ನೋಡಿದರೆ ನನ್ನ ಹೆಸರಿನ ಮೊದಲೆರಡು ಅಕ್ಷರ, ಐದಾರು ನಕ್ಷತ್ರ, ಕೊನೆಯಲ್ಲಿ ಹಳೆಯ ಕಂಪನಿಯ ಹೆಸರು! ಆ ಇಮೇಲ್ ಮುಚ್ಚಿದ್ದು ನನ್ನ ಕೊನೆಯ ದಿನ ಸಂಜೆ ಆರಕ್ಕೆ, ನಾನು ಕ್ಯಾಂಟೀನಿನಲ್ಲಿ ಬೀಳ್ಕೊಡುಗೆಯ ಕೇಕ್ ತಿನ್ನುತ್ತಿದ್ದಾಗ.

ನನಗೆ ಪರಿಚಯವಿದ್ದ ಎಚ್‌ಆರ್ ಮೇಡಂ ಕೂಡ ಕೆಲಸ ಬಿಟ್ಟಿದ್ದಾರಂತೆ. ಈಗಿರುವವರಿಗೆ ಮೂರು ಇಮೇಲ್ ಬರೆದಿದ್ದೇನೆ, ಮೂರಕ್ಕೂ ಅದೇ ಒಂದು ಸಾಲು. ಅವಸರವೇನೆಂದರೆ, ದಾವಣಗೆರೆಯಲ್ಲಿ ಅಪ್ಪ ಕೊಂಡ ನಿವೇಶನದಲ್ಲಿ ಮನೆ ಕಟ್ಟಲು ನನ್ನ ಹೆಸರಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದೇವೆ. ಬ್ಯಾಂಕಿನವರು ಎರಡು ವರ್ಷದ ಫಾರ್ಮ್ 16 ಕೇಳುತ್ತಿದ್ದಾರೆ, ಜೂನ್ 30ರೊಳಗೆ ಕೊಡಬೇಕು. ಅದರ ಹಿಂದಿನ ವರ್ಷದ್ದನ್ನು ಕಚೇರಿಯಲ್ಲೇ ಮುದ್ರಿಸಿ ಮನೆಗೆ ತಂದಿದ್ದರಿಂದ ಅದೊಂದು ಕೈಯಲ್ಲಿದೆ. ಈ ವರ್ಷದ್ದಕ್ಕೆ ಏನು ಮಾಡಲಿ?

ಕೆಂಗೇರಿ ಕಾಲ್ನಡಿಗೆ · 17 ಜೂನ್, ರಾತ್ರಿ 9.30

ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದರಂತೆ. ನನಗೂ ಹೀಗೇ ಆಗಿತ್ತು ಮೇಡಂ. ನಾನು ನೇರವಾಗಿ ಕಚೇರಿಗೇ ಹೋಗಿದ್ದೆ. ನಾಲ್ಕು ವರ್ಷ ದಿನಾ ಬೆಳಿಗ್ಗೆ ನಮಸ್ಕಾರ ಹೇಳುತ್ತಿದ್ದ ಕಾವಲುಗಾರರು ಒಳಗೆ ಬಿಡಲಿಲ್ಲ.

ಹಳೆಯ ಗುಮಾಸ್ತ · 17 ಜೂನ್, ರಾತ್ರಿ 10.05

ಬೆಣ್ಣೆನಗರಿಯವರೇ, ಮೂವತ್ತು ವರ್ಷ ಒಬ್ಬ ಆಡಿಟರ ಬಳಿ ಗುಮಾಸ್ತನಾಗಿದ್ದವನು ನಾನು. ಫಾರ್ಮ್ 16ರ ಹಿಂದೆ ಓಡುವ ಮುನ್ನ ಇನ್ನೊಂದು ಕಾಗದ ನೋಡಿಬಿಡಿ. ಅದಕ್ಕೆ ಕಂಪನಿಯವರ ಹಂಗಿಲ್ಲ.

ಆದಾಯ ತೆರಿಗೆಯ ಇ-ಫೈಲಿಂಗ್ ತಾಣಕ್ಕೆ ಪ್ಯಾನ್ ಸಂಖ್ಯೆಯಿಂದ ಲಾಗಿನ್ ಆಗಿ. ಇ-ಫೈಲ್ ಎಂಬಲ್ಲಿ ಆದಾಯ ತೆರಿಗೆ ರಿಟರ್ನ್ಸ್ ಪಟ್ಟಿಯೊಳಗೆ ಫಾರ್ಮ್ 26ಎಎಸ್ ನೋಡುವ ಆಯ್ಕೆ ಇದೆ. ಒತ್ತಿದರೆ ಟ್ರೇಸಸ್ ಎಂಬ ಇಲಾಖೆಯ ಇನ್ನೊಂದು ತಾಣಕ್ಕೆ ದಾಟಿಸುತ್ತದೆ. ತೆರಿಗೆ ನಿರ್ಧರಣಾ ವರ್ಷ, ಅಂದರೆ ಸಂಬಳ ಪಡೆದ ವರ್ಷದ ಮುಂದಿನದು, 2025-26 ಆರಿಸಿಕೊಳ್ಳಿ. 2024-25 ಆರಿಸಿದರೆ ಹಿಂದಿನ ವರ್ಷದ ಸಂಬಳ ಬರುತ್ತದೆ, ಹತ್ತರಲ್ಲಿ ಐವರು ಎಡವುವುದು ಇಲ್ಲೇ. ಅದರಲ್ಲಿ ಹಳೆಯ ಕಂಪನಿಯ ಹೆಸರು, ಅವರ ಟ್ಯಾನ್ ಸಂಖ್ಯೆ (ತೆರಿಗೆ ಮುರಿಯುವವರ ನೋಂದಣಿ ಸಂಖ್ಯೆ), ತಿಂಗಳುವಾರು ಕೊಟ್ಟ ಸಂಬಳ, ಮುರಿದುಕೊಂಡ ತೆರಿಗೆ ಎಲ್ಲವೂ ಇರುತ್ತದೆ. ಪ್ರತಿ ಸಾಲಿನಲ್ಲೂ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಅದು ಎಫ್ ಆಗಿದ್ದರೆ ದುಡ್ಡು ಸರಕಾರಕ್ಕೆ ಸೇರಿ ಲೆಕ್ಕ ತಾಳೆಯಾಗಿದೆ ಎಂದರ್ಥ. ಯು ಎಂದಿದ್ದರೆ ಕೂಡಲೇ ಇಲ್ಲಿ ಬಂದು ಹೇಳಿ, ಅದು ಬೇರೆಯೇ ಕಥೆ.

ತುಂಗಾತೀರ · 17 ಜೂನ್, ರಾತ್ರಿ 10.40

26ಎಎಸ್ ಇದ್ದ ಮೇಲೆ ಫಾರ್ಮ್ 16 ಯಾಕೆ? ನಾನು ಎರಡು ವರ್ಷದಿಂದ ಅದಿಲ್ಲದೆ ರಿಟರ್ನ್ಸ್ ಸಲ್ಲಿಸುತ್ತಿದ್ದೇನೆ.

ಹಳೆಯ ಗುಮಾಸ್ತ · 17 ಜೂನ್, ರಾತ್ರಿ 10.58

ರಿಟರ್ನ್ಸ್ ಸಲ್ಲಿಸಬಹುದು, ತಕರಾರಿಲ್ಲ. ರಿಟರ್ನ್ಸ್ ಜೊತೆ ಫಾರ್ಮ್ 16 ಲಗತ್ತಿಸುವ ಪದ್ಧತಿಯೇ ಇಲ್ಲ. ಆದರೆ 26ಎಎಸ್‌ನಲ್ಲಿ ಮನೆ ಬಾಡಿಗೆ ಭತ್ಯೆಯಂಥವಕ್ಕೆ ವಿನಾಯಿತಿ ಎಷ್ಟು, ಕಡಿತ ಎಷ್ಟು ಎಂಬ ವಿಂಗಡಣೆ ಇರುವುದಿಲ್ಲ. ಅದು ಫಾರ್ಮ್ 16ರ ಬಿ ಭಾಗದಲ್ಲಿ ಮಾತ್ರ. ಸಂಬಳ ಚೀಟಿಗಳಿದ್ದರೆ ಅವುಗಳಿಂದ ಕೂಡಿಸಿಕೊಳ್ಳಬಹುದು. ಇವರಿಗೆ ಕಾಗದ ಬೇಕಾಗಿರುವುದು ಬ್ಯಾಂಕಿಗೆ. ಬ್ಯಾಂಕಿನವರ ಮುಂದೆ ನಮ್ಮ ತರ್ಕ ನಡೆಯುವುದಿಲ್ಲ.

ಸಂಬಳದ ಮನೆ · 18 ಜೂನ್, ಬೆಳಿಗ್ಗೆ 8.15

ನಾನು ಆಚೆ ದಡದವಳು. ಹದಿನೇಳು ಕಂಪನಿಗಳ ಸಂಬಳದ ಲೆಕ್ಕ ಬರೆಯುವ ಕಚೇರಿಯಲ್ಲಿದ್ದೇನೆ. ಕೆಲಸ ಬಿಟ್ಟವರ ಕಾಗದ ಏಕೆ ಸಿಗುವುದಿಲ್ಲ ಎಂಬುದಕ್ಕೆ ಕಾರಣ ಹೇಳುತ್ತೇನೆ, ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ಫಾರ್ಮ್ 16ರಲ್ಲಿ ಎರಡು ಭಾಗ. ಎ ಭಾಗ ಎಂದರೆ ಮುರಿದು ಕಟ್ಟಿದ ತೆರಿಗೆಯ ತ್ರೈಮಾಸಿಕವಾರು ಲೆಕ್ಕ. ಬಿ ಭಾಗ ಎಂದರೆ ಇಡೀ ವರ್ಷದ ಸಂಬಳದ ವಿವರ. 2018-19ನೇ ಹಣಕಾಸು ವರ್ಷದಿಂದ ಎರಡನ್ನೂ ಟ್ರೇಸಸ್ ತಾಣದಿಂದಲೇ ಇಳಿಸಿ ಕೊಡಬೇಕು. ಮೊದಲಿನ ಹಾಗೆ ಬಿ ಭಾಗವನ್ನು ನಾವೇ ಎಕ್ಸೆಲ್‌ನಲ್ಲಿ ತಯಾರಿಸಿ ಸಹಿ ಹಾಕಿ ಕೊಡುವಂತಿಲ್ಲ. ಕಂಪನಿಗಳು ಮೂರು ತಿಂಗಳಿಗೊಮ್ಮೆ 24ಕ್ಯೂ ಎಂಬ ಲೆಕ್ಕಪತ್ರ ಸಲ್ಲಿಸುತ್ತವೆ. ಜನವರಿಯಿಂದ ಮಾರ್ಚ್‌ವರೆಗಿನದಕ್ಕೆ ಮೇ 31 ಕಡೆಯ ದಿನ. ಆ ಕೊನೆಯ ಲೆಕ್ಕಪತ್ರಕ್ಕೆ ಮಾತ್ರ ಎರಡನೇ ಅನುಬಂಧ ಎಂದಿರುತ್ತದೆ, ಇಡೀ ವರ್ಷ ಯಾರಿಗೆ ಎಷ್ಟು ಸಂಬಳ ಕೊಟ್ಟೆವು ಎಂಬ ಪಟ್ಟಿ. ಬಿ ಭಾಗ ಹುಟ್ಟುವುದೇ ಅದರಿಂದ.

ಎಡವಟ್ಟು ಆಗುವುದು ಇಲ್ಲಿ. ಸೆಪ್ಟೆಂಬರ್‌ನಲ್ಲಿ ಬಿಟ್ಟವರನ್ನೂ ಆ ಪಟ್ಟಿಗೆ ಸೇರಿಸಬೇಕು. ಆದರೆ ಮೇ ತಿಂಗಳ ಕೊನೆಯ ರಾತ್ರಿ ಪಟ್ಟಿ ತೆಗೆಯುವ ಹುಡುಗ ಈಗ ಹಾಜರಾತಿಯಲ್ಲಿರುವವರನ್ನಷ್ಟೇ ಆರಿಸಿಬಿಡುತ್ತಾನೆ. ಆಗ ಬಿಟ್ಟವರಿಗೆ ಎ ಭಾಗ ಬರುತ್ತದೆ, ಬಿ ಭಾಗ ಬರುವುದಿಲ್ಲ. ಅದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ದೂರು ಹೇಳಬೇಕಾದವರು ಲಾಗಿನ್ ಆಗಲಾರರು.

ಹಾಗಾಗಿ ಬೆಣ್ಣೆನಗರಿಯವರೇ, "ಪಾಸ್‌ವರ್ಡ್ ಕೊಡಿ" ಎಂದು ಕೇಳಬೇಡಿ. "ನನ್ನ ಎ ಮತ್ತು ಬಿ ಭಾಗ ಎರಡನ್ನೂ ಈ ಇಮೇಲ್‌ಗೆ ಕಳುಹಿಸಿ, ನಾಲ್ಕನೇ ತ್ರೈಮಾಸಿಕದ ಎರಡನೇ ಅನುಬಂಧದಲ್ಲಿ ನನ್ನ ಹೆಸರಿದೆಯೇ ಎಂದು ತಿಳಿಸಿ" ಎಂದು ಬರೆಯಿರಿ. ಒಳಗಿನ ಮಾತು ಗೊತ್ತಿರುವವರಿಗೆ ಒಂದು ಸಾಲಿನ ಉತ್ತರ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಕೆಂಗೇರಿ ಕಾಲ್ನಡಿಗೆ · 18 ಜೂನ್, ಬೆಳಿಗ್ಗೆ 8.40

ಬೈಯಬೇಕೆಂದೇ ಓದಲು ಕೂತಿದ್ದೆ. ಆದರೆ ಬಿಟ್ಟುಹೋದವರ ಸ್ವಂತ ಇಮೇಲ್ ಮೊದಲೇ ಬರೆದಿಟ್ಟುಕೊಂಡರೆ ನಿಮ್ಮ ಗಂಟೇನು ಹೋಗುತ್ತದೆ?

ಸಂಬಳದ ಮನೆ · 18 ಜೂನ್, ಬೆಳಿಗ್ಗೆ 9.02

ಕೇಳುತ್ತೇವೆ, ಕೊಡುವವರು ಕೊಡುತ್ತಾರೆ. ಕೊಟ್ಟದ್ದರಲ್ಲೂ ಅಕ್ಷರ ತಪ್ಪಿರುತ್ತದೆ. ಒಮ್ಮೆ ಒಬ್ಬರ ಫಾರ್ಮ್ 16 ಅದೇ ಹೆಸರಿನ ಇನ್ನೊಬ್ಬರಿಗೆ ಹೋಗಿ, ಇವರ ಸಂಬಳ ಅವರಿಗೆ ತಿಳಿದು, ಅವರು ಹೋಗಿ ತಮ್ಮ ಮ್ಯಾನೇಜರ್ ಜೊತೆ ಜಗಳ ಮಾಡಿ, ಕೊನೆಗೆ ಬೈಗುಳ ತಿಂದವಳು ನಾನು. ಅಂದಿನಿಂದ ಪೋರ್ಟಲ್ ಬಿಟ್ಟು ಬೇರೆ ದಾರಿಯಲ್ಲಿ ಕಳುಹಿಸಬೇಡಿ ಎಂಬ ಅಪ್ಪಣೆ.

ಬೆಣ್ಣೆನಗರಿ · 18 ಜೂನ್, ಮಧ್ಯಾಹ್ನ 1.20

26ಎಎಸ್ ನೋಡಿದೆ. ಹಳೆಯ ಕಂಪನಿಯ ಆರು ಸಾಲು, ಹೊಸ ಕಂಪನಿಯ ಆರು ಸಾಲು. ಎಲ್ಲದರಲ್ಲೂ ಎಫ್ ಇದೆ. ಹಳೆಯದರಲ್ಲಿ ತಿಂಗಳಿಗೆ ಒಂದು ಲಕ್ಷದಂತೆ 6,00,000 ಸಂಬಳ, 35,750 ತೆರಿಗೆ. ಹೊಸದರಲ್ಲಿ 8,10,000 ಸಂಬಳ, 24,440 ತೆರಿಗೆ. ಸಮಾಧಾನವಾಯಿತು. ಸಂಬಳದ ಮನೆಯವರು ಹೇಳಿದ ಹಾಗೆ ಇಮೇಲ್ ಕೂಡ ಬರೆದೆ.

ಹೊಸ ಕಂಪನಿಯಲ್ಲಿ ಸಂಬಳ ಹೆಚ್ಚು, ತೆರಿಗೆ ಮಾತ್ರ ಕಡಿಮೆ. ಒಳ್ಳೆಯ ಕಂಪನಿ ಎಂದುಕೊಂಡಿದ್ದೇನೆ!

ಹಳೆಯ ಗುಮಾಸ್ತ · 18 ಜೂನ್, ಮಧ್ಯಾಹ್ನ 2.10

ಅಯ್ಯೋ ತಾಯಿ. ನಿಮ್ಮ ಕೊನೆಯ ಸಾಲು ಓದಿ ಊಟದ ಕೈಯಲ್ಲೇ ಬರೆಯುತ್ತಿದ್ದೇನೆ.

ಅಕ್ಟೋಬರ್‌ನಲ್ಲಿ ಹೊಸ ಕಂಪನಿಗೆ ಸೇರುವಾಗ ಫಾರ್ಮ್ 12ಬಿ ಕೊಟ್ಟಿರಾ? ಹಿಂದಿನ ಕಡೆ ಈ ವರ್ಷ ಇಷ್ಟು ಸಂಬಳ ಬಂದಿದೆ, ಇಷ್ಟು ತೆರಿಗೆ ಮುರಿದಿದ್ದಾರೆ ಎಂದು ಹೊಸಬರಿಗೆ ತಿಳಿಸುವ ಕಾಗದ ಅದು.

ಬೆಣ್ಣೆನಗರಿ · 18 ಜೂನ್, ಮಧ್ಯಾಹ್ನ 2.14

ಸೇರಿದ ದಿನ ಹದಿನಾರು ಕಾಗದಕ್ಕೆ ಸಹಿ ಹಾಕಿದ ನೆನಪು. ಅದರಲ್ಲಿ ಇದಿತ್ತೋ ಇಲ್ಲವೋ... ಇರಲಿಲ್ಲ ಅನ್ನಿಸುತ್ತದೆ. ಯಾಕೆ ಸರ್?

ಹಳೆಯ ಗುಮಾಸ್ತ · 18 ಜೂನ್, ಮಧ್ಯಾಹ್ನ 3.30

ಕೈ ತೊಳೆದು ಕೂತು ಲೆಕ್ಕ ಹಾಕಿದೆ. ನೀವು ಹೊಸ ತೆರಿಗೆ ಪದ್ಧತಿಯಲ್ಲೇ ಇದ್ದೀರಿ ಎಂದುಕೊಂಡಿದ್ದೇನೆ.

ಹಳೆಯ ಕಂಪನಿ, ಈಕೆ ವರ್ಷವಿಡೀ ಇಲ್ಲೇ ಇರುತ್ತಾಳೆ, ಹನ್ನೆರಡು ಲಕ್ಷ ಸಂಬಳ ಎಂದು ಎಣಿಸಿತು. 75,000 ಪ್ರಮಾಣಿತ ಕಡಿತ ಕಳೆದು, ಸೆಸ್ ಸೇರಿ 71,500 ತೆರಿಗೆ ಹಾಕಿ, ಅದರ ಅರ್ಧ 35,750 ಮುರಿಯಿತು. ಅಲ್ಲಿಗೆ ಅವರದು ಸರಿ.

ಹೊಸ ಕಂಪನಿಗೆ ನಿಮ್ಮ ಹಿಂದಿನ ಆರು ತಿಂಗಳ ಸುದ್ದಿಯೇ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ನಿಮ್ಮ ವರ್ಷದ ಆದಾಯ ಬರೀ 8,10,000. ಮತ್ತೊಮ್ಮೆ 75,000 ಕಳೆದರು. ಮೊದಲ ಮೂರು ಲಕ್ಷಕ್ಕೆ ಮತ್ತೊಮ್ಮೆ ತೆರಿಗೆ ಇಲ್ಲ ಎಂದರು, ಮುಂದಿನ ನಾಲ್ಕು ಲಕ್ಷಕ್ಕೆ ಮತ್ತೊಮ್ಮೆ ಶೇಕಡಾ 5 ಹಾಕಿದರು. ಹೀಗೆ 24,440 ಬಂತು.

ನಿಜವಾದ ಲೆಕ್ಕ ಇಷ್ಟು. ಒಟ್ಟು ಸಂಬಳ 14,10,000. 75,000 ಒಂದೇ ಸಲ ಕಳೆಯಬೇಕು, ಉಳಿದದ್ದು 13,35,000. ಅದಕ್ಕೆ ತೆರಿಗೆ 1,07,000, ಶೇಕಡಾ 4 ಸೆಸ್ 4,280, ಒಟ್ಟು 1,11,280. ಇಬ್ಬರೂ ಸೇರಿ ಮುರಿದದ್ದು 60,190. ನೀವು ಇನ್ನೂ ಕಟ್ಟಬೇಕಾದದ್ದು 51,090 ರೂಪಾಯಿ. ಅದರ ಮೇಲೆ, ತೆರಿಗೆಯನ್ನು ಮುಂಗಡವಾಗಿ ಕಟ್ಟದ್ದಕ್ಕೆ 234ಬಿ ಮತ್ತು 234ಸಿ ಕಲಮಿನ ಬಡ್ಡಿ. ಜೂನ್‌ನೊಳಗೆ ಕಟ್ಟಿದರೆ ಬಡ್ಡಿ ನಾಲ್ಕು ಸಾವಿರದ ಆಸುಪಾಸು.

ಈ ಸಲ ರಿಟರ್ನ್ಸ್‌ಗೆ ಸೆಪ್ಟೆಂಬರ್ 15ರವರೆಗೆ ಗಡುವು ವಿಸ್ತರಿಸಿದ್ದಾರೆ, ಆರಾಮವಾಗಿ ಕಟ್ಟೋಣ ಎಂದುಕೊಳ್ಳಬೇಡಿ. ಗಡುವು ವಿಸ್ತರಿಸಿದ್ದು ರಿಟರ್ನ್ಸ್‌ಗೆ. 234ಬಿ ಬಡ್ಡಿ ಏಪ್ರಿಲ್ 1ರಿಂದಲೇ ತಿಂಗಳಿಗೆ ಶೇಕಡಾ 1ರಂತೆ ಓಡುತ್ತಿರುತ್ತದೆ, ತಿಂಗಳ ಒಂದು ದಿನ ಕಳೆದರೂ ಪೂರ್ತಿ ತಿಂಗಳು.

ಬೆಣ್ಣೆನಗರಿ · 18 ಜೂನ್, ಸಂಜೆ 4.05

ಎರಡು ಸಲ ಓದಿದೆ. ನಾನು ಕಾಗದ ಹುಡುಕಿಕೊಂಡು ಬಂದವಳು. ಐವತ್ತೈದು ಸಾವಿರ ಎಂದರೆ ಅಡಿಪಾಯದ ಕಬ್ಬಿಣಕ್ಕೆಂದು ತೆಗೆದಿಟ್ಟ ದುಡ್ಡು.

ತುಂಗಾತೀರ · 18 ಜೂನ್, ಸಂಜೆ 4.20

ಒಂದು ಉಪಾಯ: ಹೊಸ ಕಂಪನಿಯ ಫಾರ್ಮ್ 16 ಮಾತ್ರ ತೋರಿಸಿ ರಿಟರ್ನ್ಸ್ ಸಲ್ಲಿಸಿಬಿಡಿ. ಹಳೆಯದು ಕೈಗೇ ಸಿಕ್ಕಿಲ್ಲವಲ್ಲ, ಯಾರು ಕೇಳುತ್ತಾರೆ?

ಸಂಬಳದ ಮನೆ · 18 ಜೂನ್, ಸಂಜೆ 4.31

ತುಂಗಾತೀರದವರೇ, ಆ ಆರು ಸಾಲು ಇಲಾಖೆಯ ತಾಣದಲ್ಲೇ ಇದೆ. ಬೆಣ್ಣೆನಗರಿಯವರು ನೋಡಿದ್ದೂ ಅಲ್ಲೇ. 2021ರ ನವೆಂಬರ್‌ನಿಂದ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್ ಕೂಡ ಬಂದಿದೆ. ಅದರಲ್ಲಿ ಸಂಬಳ, ಬ್ಯಾಂಕ್ ಬಡ್ಡಿ, ಷೇರು ಮಾರಿದ್ದು ಎಲ್ಲವೂ ಇರುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಗುತ್ತದೆ. ದಯವಿಟ್ಟು ಇಂಥ ಸಲಹೆ ಕೊಡಬೇಡಿ.

ತುಂಗಾತೀರ · 18 ಜೂನ್, ಸಂಜೆ 4.50

ಸರಿ, ಮಾತು ಹಿಂತೆಗೆದುಕೊಂಡೆ. ನನ್ನ ಎಐಎಸ್ ಒಮ್ಮೆ ನೋಡಿ ಬರುತ್ತೇನೆ. ಪಾಸ್‌ವರ್ಡ್ ಕೇಳುತ್ತಿದೆ, ಏನದು?

ಸಂಬಳದ ಮನೆ · 18 ಜೂನ್, ಸಂಜೆ 4.53

ಪ್ಯಾನ್ ಸಂಖ್ಯೆ ಸಣ್ಣ ಅಕ್ಷರಗಳಲ್ಲಿ, ಅದಕ್ಕೆ ಅಂಟಿಕೊಂಡಂತೆ ಹುಟ್ಟಿದ ದಿನ, ತಿಂಗಳು, ವರ್ಷ. ನಡುವೆ ಜಾಗ ಬೇಡ.

ಕಲಬುರಗಿ ಮೇಷ್ಟ್ರು · 18 ಜೂನ್, ರಾತ್ರಿ 8.45

ಖಾಸಗಿಯವರದೇ ಗೋಳು ಎಂದುಕೊಳ್ಳಬೇಡಿ. ನಾನು ಸರಕಾರಿ ಪ್ರೌಢಶಾಲೆಯಲ್ಲಿದ್ದೇನೆ. ಸಂಬಳ ಚೀಟಿಗೆ ಮಾತ್ರ ನಮಗೆ ಯಾರ ಹಂಗೂ ಇಲ್ಲ. ಎಚ್‌ಆರ್‌ಎಂಎಸ್ ಎಂಬ ಸರಕಾರಿ ಸಂಬಳದ ತಾಣದಲ್ಲಿ ಕೆಜಿಐಡಿ (ಸರಕಾರಿ ವಿಮೆಯ) ಸಂಖ್ಯೆ ಹಾಕಿ ಬೇಕಾದ ತಿಂಗಳಿನದನ್ನು ಮುದ್ರಿಸಿಕೊಳ್ಳಬಹುದು. ಫಾರ್ಮ್ 16 ಮಾತ್ರ ಡಿಡಿಒ, ಅಂದರೆ ಸಂಬಳ ಬಟವಾಡೆ ಮಾಡುವ ಸಾಹೇಬರ ಕೈಯಲ್ಲಿ.

ಎರಡು ವರ್ಷದ ಹಿಂದೆ ನನ್ನ 26ಎಎಸ್‌ನಲ್ಲಿ ಮೂರು ತಿಂಗಳ ತೆರಿಗೆಯೇ ಮಾಯ. ಸಂಬಳ ಚೀಟಿಯಲ್ಲಿ ಮುರಿದದ್ದು ಸ್ಪಷ್ಟವಾಗಿದೆ, ಇಲಾಖೆಯಲ್ಲಿ ಇಲ್ಲ. ಮೂರು ಸಲ ಕಚೇರಿಗೆ ಅಲೆದ ಮೇಲೆ ಗೊತ್ತಾಯಿತು, ಆ ತ್ರೈಮಾಸಿಕದ ಲೆಕ್ಕಪತ್ರ ತುಂಬಿದವರು ನನ್ನ ಪ್ಯಾನ್‌ನ ಐದನೇ ಅಕ್ಷರವನ್ನು ತಪ್ಪಾಗಿ ಒತ್ತಿದ್ದರು. ನನ್ನ ತೆರಿಗೆ ಯಾರೋ ಪುಣ್ಯಾತ್ಮರ ಖಾತೆಯಲ್ಲಿ ಕೂತಿತ್ತು. ತಿದ್ದುಪಡಿ ಲೆಕ್ಕಪತ್ರ ಸಲ್ಲಿಸಿದ ಮೇಲೆ ವಾಪಸು ಬಂತು. ಅಂದಿನಿಂದ ಮಕ್ಕಳ ಅಂಕಪಟ್ಟಿ ನೋಡುವ ಹಾಗೆ ಮೂರು ತಿಂಗಳಿಗೊಮ್ಮೆ 26ಎಎಸ್ ನೋಡುತ್ತೇನೆ.

ಪೀಣ್ಯ ಎರಡನೇ ಹಂತ · 19 ಜೂನ್, ಬೆಳಿಗ್ಗೆ 7.05

ಅಣ್ಣಂದಿರೇ, ಅಕ್ಕಂದಿರೇ, ನನ್ನದೊಂದು ಪ್ರಶ್ನೆ. ನಮ್ಮ ಅಮ್ಮ ಗಾರ್ಮೆಂಟ್ಸ್‌ನಲ್ಲಿದ್ದಾರೆ, ಒಂಬತ್ತು ವರ್ಷವಾಯಿತು. ತಂಗಿಯ ಓದಿಗೆ ಸಾಲ ಕೇಳಲು ಹೋದರೆ ಅಮ್ಮನ ಫಾರ್ಮ್ 16 ತನ್ನಿ ಎಂದರು. ಕಾರ್ಖಾನೆಯಲ್ಲಿ ಕೇಳಿದರೆ ನಿಮಗೆಲ್ಲ ಅದು ಬರುವುದಿಲ್ಲ ಎಂದು ನಕ್ಕರಂತೆ. ಸಂಬಳ ಚೀಟಿ ಎಂದು ಬೆರಳಗಲದ ಕಾಗದ ಕೊಡುತ್ತಾರೆ, ಎರಡು ತಿಂಗಳಲ್ಲಿ ಅದರ ಅಕ್ಷರವೇ ಅಳಿಸಿಹೋಗುತ್ತದೆ.

ಹಳೆಯ ಗುಮಾಸ್ತ · 19 ಜೂನ್, ಬೆಳಿಗ್ಗೆ 7.50

ಅವರು ನಗಬಾರದಿತ್ತು, ಆದರೆ ಹೇಳಿದ ಮಾತು ನಿಜ. ಆದಾಯ ತೆರಿಗೆ ಕಾಯ್ದೆಯ 203ನೇ ಕಲಮಿನ ಪ್ರಕಾರ ತೆರಿಗೆ ಮುರಿದುಕೊಂಡವರು ಪ್ರಮಾಣಪತ್ರ ಕೊಡಬೇಕು. ನಿಮ್ಮ ತಾಯಿಯ ಸಂಬಳದಿಂದ ತೆರಿಗೆ ಮುರಿದಿರುವುದಿಲ್ಲ, ಹಾಗಾಗಿ ಫಾರ್ಮ್ 16 ಇಲ್ಲ. ಅವರ ಪಿಎಫ್ ಮುರಿಯುತ್ತಾರಲ್ಲ, ಅದನ್ನು ಹಿಡಿಯಿರಿ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳೂ ಎಷ್ಟು ಸಂಬಳದ ಮೇಲೆ ಎಷ್ಟು ಕಟ್ಟಿದರು ಎಂದಿರುತ್ತದೆ. ಅದು, ಸಂಬಳ ಜಮೆಯಾಗುವ ಬ್ಯಾಂಕ್ ಖಾತೆಯ ಒಂದು ವರ್ಷದ ವಿವರ, ಈಚಿನ ಚೀಟಿಗಳ ನೆರಳಚ್ಚು, ಈ ಮೂರನ್ನೂ ಕೊಟ್ಟು ನೋಡಿ. ಚೀಟಿ ಕೈಗೆ ಬಂದ ದಿನವೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ, ಅಕ್ಷರ ಅಳಿಸುವ ಮುಂಚೆ.

ಸಂಬಳದ ಮನೆ · 19 ಜೂನ್, ಬೆಳಿಗ್ಗೆ 8.20

ಗುಮಾಸ್ತರ ಮಾತಿಗೆ ಒಂದು ಸೇರಿಸುತ್ತೇನೆ. ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಚಾಲೂ ಆಗಿ ಅಮ್ಮನ ಮೊಬೈಲ್ ಸಂಖ್ಯೆ ಅದಕ್ಕೆ ಸೇರಿದ್ದರೆ, ಆ ಮೊಬೈಲ್‌ನಿಂದ 7738299899ಕ್ಕೆ ಒಂದು ಎಸ್‌ಎಂಎಸ್ ಕಳುಹಿಸಿ. ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲಿ ಇಪಿಎಫ್‌ಒಎಚ್‌ಒ, ಜಾಗ ಬಿಟ್ಟು ಯುಎಎನ್ ಎಂಬ ಮೂರಕ್ಷರ, ಜಾಗ ಬಿಟ್ಟು ಕೆಎಎನ್. ಕೊನೆಯ ಮೂರಕ್ಷರ ಕನ್ನಡಕ್ಕೆ. ಕೊನೆಯ ಬಾರಿ ಕಟ್ಟಿದ ಮೊತ್ತ ಮತ್ತು ಖಾತೆಯಲ್ಲಿ ಈಗಿರುವ ಮೊತ್ತ ಕನ್ನಡದಲ್ಲೇ ಬರುತ್ತದೆ. ಪೂರ್ತಿ ಪಾಸ್‌ಬುಕ್ ಸರಕಾರದ ಉಮಂಗ್ ಆ್ಯಪ್‌ನಲ್ಲಿ ಸಿಗುತ್ತದೆ.

ಡಲ್ಲಾಸ್‌ನಿಂದ ಮರಳಿದವ · 19 ಜೂನ್, ಬೆಳಿಗ್ಗೆ 11.00

ಒಟಿಪಿಯ ಈ ಪಾಡು ಬೆಂಗಳೂರಿನದಷ್ಟೇ ಅಲ್ಲ. ಏಳು ವರ್ಷ ಟೆಕ್ಸಾಸ್‌ನಲ್ಲಿದ್ದು 2023ರ ಡಿಸೆಂಬರ್‌ನಲ್ಲಿ ಮೈಸೂರಿಗೆ ಮರಳಿದೆ. ಅಲ್ಲಿ ಫಾರ್ಮ್ 16ರ ಜಾಗದಲ್ಲಿ ಡಬ್ಲ್ಯು-2 ಎಂಬ ಕಾಗದ, ಜನವರಿ 31ರೊಳಗೆ ಕೊಡಬೇಕೆಂಬ ನಿಯಮ. ಕೊಟ್ಟರು, ಆನ್‌ಲೈನ್‌ನಲ್ಲೇ. ಲಾಗಿನ್ ಒಟಿಪಿ ಮಾತ್ರ ಅಮೆರಿಕದ ಮೊಬೈಲ್ ಸಂಖ್ಯೆಗೆ. ಆ ಸಂಖ್ಯೆಯನ್ನು ವಿಮಾನ ಹತ್ತುವ ಹಿಂದಿನ ದಿನ ಬಿಟ್ಟುಕೊಟ್ಟಿದ್ದೆ. ಅಂಚೆಯಲ್ಲಿ ಕಳುಹಿಸಿ ಎಂದರೆ ಡಲ್ಲಾಸಿನ ಹಳೆಯ ಮನೆಗೆ ಕಳುಹಿಸಿದರು. ಕೊನೆಗೆ ಅಲ್ಲಿನ ಗೆಳೆಯನೊಬ್ಬ ಹೋಗಿ, ಆ ಮನೆಯ ಹೊಸ ಬಾಡಿಗೆದಾರರಿಂದ ಲಕೋಟೆ ಇಸಿದುಕೊಂಡು ಫೋಟೊ ಕಳುಹಿಸಿದ.

ಕಾಗದ ಸಿಗದೇ ಹೋದರೆ ಅಲ್ಲಿ ಫಾರ್ಮ್ 4852 ಎಂದಿದೆ, ಕೊನೆಯ ಸಂಬಳ ಚೀಟಿಯ ಅಂಕಿಗಳನ್ನಿಟ್ಟುಕೊಂಡು ನಾವೇ ತುಂಬಿ ರಿಟರ್ನ್ಸ್ ಜೊತೆ ಕೊಡಬಹುದು. ಹಿಂತಿರುಗುವ ಸಿದ್ಧತೆಯಲ್ಲಿರುವವರು ಯಾರಾದರೂ ಓದುತ್ತಿದ್ದರೆ, ಮೊಬೈಲ್ ಸಂಖ್ಯೆ ಬಿಡುವ ಮುನ್ನ ಸಂಬಳದ ಪೋರ್ಟಲ್‌ನಲ್ಲಿ ಸ್ವಂತ ಇಮೇಲ್ ಹಾಕಿಡಿ.

ಬೆಣ್ಣೆನಗರಿ · 20 ಜೂನ್, ಸಂಜೆ 6.15

ಇವತ್ತು ಉತ್ತರ ಬಂತು, ಈ ಸಲ ಒಂದೇ ಸಾಲಲ್ಲ! "ನಿಮ್ಮ ಎ ಭಾಗ ಸಿದ್ಧವಿದೆ. ಎರಡನೇ ಅನುಬಂಧದಲ್ಲಿ ಕೆಲವರ ಹೆಸರು ಬಿಟ್ಟುಹೋಗಿದೆ, ತಿದ್ದುಪಡಿ ಸಲ್ಲಿಸುತ್ತಿದ್ದೇವೆ" ಎಂದು ಬರೆದಿದ್ದಾರೆ. ಸಂಬಳದ ಮನೆಯವರೇ, ನಿಮ್ಮ ಕಾಲಿಗೆ ನಮಸ್ಕಾರ. ಆದರೆ ತಿದ್ದುಪಡಿಗೆ ಎಷ್ಟು ದಿನ ಎಂದು ಹೇಳಿಲ್ಲ. ಇವರಿಗೆ ದಂಡ ಗಿಂಡ ಏನೂ ಇಲ್ಲವೇ?

ಹಳೆಯ ಗುಮಾಸ್ತ · 20 ಜೂನ್, ಸಂಜೆ 7.00

ಇದೆ. ಫಾರ್ಮ್ 16 ಕೊಡಲು ಜೂನ್ 15 ಕಡೆಯ ದಿನ. ತಪ್ಪಿದರೆ 272ಎ ಕಲಮಿನಡಿ ದಿನಕ್ಕೆ 500 ರೂಪಾಯಿ ದಂಡ ಹಾಕಬಹುದು, ಮುರಿದ ತೆರಿಗೆಯ ಮೊತ್ತ ಮೀರದ ಹಾಗೆ. 2022ರ ಏಪ್ರಿಲ್‌ಗೆ ಮುಂಚೆ ದಿನಕ್ಕೆ 100 ಇತ್ತು. ಆದರೆ ಆ ದಂಡ ಸರಕಾರಕ್ಕೆ ಹೋಗುತ್ತದೆಯೇ ಹೊರತು ನಿಮಗಲ್ಲ. ತಪ್ಪು ಒಪ್ಪಿಕೊಂಡು ತಿದ್ದುತ್ತಿರುವವರಿಗೆ ಈಗಲೇ ಕಲಮು ತೋರಿಸಬೇಡಿ. ಒಂದು ವಾರ ನೋಡಿ. ಆಮೇಲೂ ಮೌನವಾದರೆ ಇ-ಫೈಲಿಂಗ್ ತಾಣದಲ್ಲಿ ಅವರ ಟ್ಯಾನ್ ಹಾಕಿ, ನೋಂದಾಯಿತ ವಿಳಾಸ ಮತ್ತು ಯಾವ ತೆರಿಗೆ ಅಧಿಕಾರಿಯ ವ್ಯಾಪ್ತಿ ಎಂಬುದನ್ನು ತೆಗೆದು, ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಒಂದು ಪತ್ರ ಹಾಕಿ. ಹತ್ತು ಇಮೇಲ್ ಮಾಡದ ಕೆಲಸವನ್ನು ಆ ಲಕೋಟೆ ಮಾಡುತ್ತದೆ.

ನಿಮ್ಮದು ಎಲ್ಲವೂ ಎಫ್ ಇದ್ದದ್ದು ಅದೃಷ್ಟ. ಸಂಬಳದಿಂದ ಮುರಿದು ಸರಕಾರಕ್ಕೆ ಕಟ್ಟದೆ ತಿಂದುಕೊಂಡವರೂ ಇದ್ದಾರೆ. ಅಂಥ ಕಡೆ 205ನೇ ಕಲಮು ನೌಕರನ ಕೈ ಹಿಡಿಯುತ್ತದೆ: ಒಮ್ಮೆ ಮುರಿದ ತೆರಿಗೆಯನ್ನು ಮತ್ತೆ ಅವನಿಂದ ಕೇಳುವಂತಿಲ್ಲ. ಆದರೆ ಮುರಿದದ್ದಕ್ಕೆ ಸಾಕ್ಷಿ ಬೇಕು, ಸಂಬಳ ಚೀಟಿಯೇ ಆ ಸಾಕ್ಷಿ. ನಮ್ಮ ಹಳೆಯ ಕಕ್ಷಿದಾರರೊಬ್ಬರು ಹದಿನಾಲ್ಕು ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿದ್ದರಿಂದ ಬಚಾವಾದರು.

ಬೆಣ್ಣೆನಗರಿ · 25 ಜೂನ್, ಬೆಳಿಗ್ಗೆ 10.30

ಎರಡು ಕಡತ ಬಂದಿವೆ! ಎ ಮತ್ತು ಬಿ. ಆದರೆ ತೆರೆಯುತ್ತಿಲ್ಲ. ಪಾಸ್‌ವರ್ಡ್ ಎಂದರೆ ಪ್ಯಾನ್‌ನ ಮೊದಲ ಐದು ಅಕ್ಷರ ದೊಡ್ಡದಾಗಿ, ಆಮೇಲೆ ಹುಟ್ಟಿದ ದಿನ ಎಂದು ಬರೆದಿದ್ದಾರೆ. ಹಾಗೇ ಹಾಕಿದೆ. ಸಣ್ಣ ಅಕ್ಷರದಲ್ಲಿ ಹಾಕಿದೆ. ವರ್ಷದ ಕೊನೆಯ ಎರಡಂಕಿ ಮಾತ್ರ ಹಾಕಿದೆ. ಅಪ್ಪ ಪಕ್ಕದಲ್ಲಿ ಕೂತು "ನಿನ್ನ ಹುಟ್ಟಿದ ದಿನ ನನಗೆ ಗೊತ್ತಿಲ್ಲವೇ" ಎಂದು ತಾವೂ ಎರಡು ಸಲ ಹಾಕಿದರು.

ಸಂಬಳದ ಮನೆ · 25 ಜೂನ್, ಬೆಳಿಗ್ಗೆ 10.41

ದಿನ ಮತ್ತು ತಿಂಗಳನ್ನು ಅದಲುಬದಲು ಮಾಡಿ ನೋಡಿ. ಎಕ್ಸೆಲ್ ಹಾಳೆ 4ನೇ ತಾರೀಕು 11ನೇ ತಿಂಗಳನ್ನು 11ನೇ ತಾರೀಕು 4ನೇ ತಿಂಗಳು ಮಾಡಿಬಿಡುತ್ತದೆ. 12ರೊಳಗಿನ ತಾರೀಕಿನಲ್ಲಿ ಹುಟ್ಟಿದವರಿಗೆಲ್ಲ ಈ ಗ್ರಹಚಾರ.

ಬೆಣ್ಣೆನಗರಿ · 25 ಜೂನ್, ಬೆಳಿಗ್ಗೆ 10.44

ತೆರೆಯಿತು!! ಕಂಪನಿಯ ದಾಖಲೆಯಲ್ಲಿ ನಾನು ಹುಟ್ಟುವ ಏಳು ತಿಂಗಳು ಮುಂಚೆಯೇ ಹುಟ್ಟಿದ್ದೇನೆ.

ಕೆಂಗೇರಿ ಕಾಲ್ನಡಿಗೆ · 25 ಜೂನ್, ಬೆಳಿಗ್ಗೆ 10.50

ಹಾಗಾದರೆ ಮೂರು ವರ್ಷ ತಪ್ಪು ದಿನ ಕೇಕ್ ಕತ್ತರಿಸಿದ್ದಾರೆ.

ಬೆಣ್ಣೆನಗರಿ · 27 ಜೂನ್, ಮಧ್ಯಾಹ್ನ 3.20

ಬ್ಯಾಂಕಿನಲ್ಲಿ ಒಂದು ತಕರಾರು ಬಂತು. ಡಿಜಿಟಲ್ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಇದೆ, ಸಹಿ ಸಿಂಧುವಲ್ಲ ಎಂದರು. ಮುದ್ರಿಸಿದ ಹಾಳೆಯಲ್ಲೂ ಆ ಚಿಹ್ನೆ ದೊಡ್ಡದಾಗಿ ಬಂದಿದೆ.

ಸಂಬಳದ ಮನೆ · 27 ಜೂನ್, ಮಧ್ಯಾಹ್ನ 3.35

ಸಹಿ ಸರಿಯಾಗಿಯೇ ಇರುತ್ತದೆ, ಆ ಗಣಕಯಂತ್ರಕ್ಕೆ ಸಹಿ ಯಾರದೆಂದು ಪರಿಚಯವಿರುವುದಿಲ್ಲ ಅಷ್ಟೆ. ಮೊಬೈಲ್‌ನಲ್ಲಿ ಆಗದು. ಕಂಪ್ಯೂಟರಿನಲ್ಲಿ ಅಡೋಬಿ ರೀಡರ್‌ನಿಂದ ತೆರೆದು, ಸಹಿಯ ಮೇಲೆ ಒತ್ತಿ, ಸಹಿಯ ಗುಣವಿವರಗಳಿಗೆ ಹೋಗಿ ಆ ಪ್ರಮಾಣಪತ್ರವನ್ನು ನಂಬುವ ಪಟ್ಟಿಗೆ ಸೇರಿಸಿ, ಮತ್ತೆ ಪರಿಶೀಲಿಸಲು ಹೇಳಿ. ಹಸಿರು ಗುರುತು ಬರುತ್ತದೆ. ಆಮೇಲೆ ಮುದ್ರಿಸಿ.

ಬೆಣ್ಣೆನಗರಿ · 28 ಜೂನ್, ರಾತ್ರಿ 8.00

ಹಸಿರು ಬಂತು, ಬ್ಯಾಂಕಿನವರು ತೆಗೆದುಕೊಂಡರು. ಬಾಕಿ ತೆರಿಗೆ ಬಡ್ಡಿ ಸೇರಿಸಿ ಇ-ಪೇ ಟ್ಯಾಕ್ಸ್‌ನಲ್ಲಿ ನಿನ್ನೆಯೇ ಕಟ್ಟಿದೆ, ಚಲನ್ ಉಳಿಸಿಕೊಂಡಿದ್ದೇನೆ. ಗುಮಾಸ್ತರೇ, ನಿಮ್ಮ ಲೆಕ್ಕಕ್ಕೂ ತಾಣದ ಲೆಕ್ಕಕ್ಕೂ ಒಂದು ರೂಪಾಯಿ ವ್ಯತ್ಯಾಸವಿಲ್ಲ. ಕಬ್ಬಿಣದ ದುಡ್ಡಿಗೆ ಅಪ್ಪ ಬೇರೆ ದಾರಿ ಹುಡುಕಿದ್ದಾರೆ. ಯಾವ ದಾರಿ ಎಂದು ಅಮ್ಮನಿಗೂ ಹೇಳಿಲ್ಲ.

ಪೀಣ್ಯ ಎರಡನೇ ಹಂತ · 29 ಜೂನ್, ಬೆಳಿಗ್ಗೆ 9.10

ಅಕ್ಕಾ, ನೀವು ಹೇಳಿದ ಎಸ್‌ಎಂಎಸ್ ಕಳುಹಿಸಿದೆವು. ಕನ್ನಡದಲ್ಲೇ ಉತ್ತರ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ತಾವೇ ಓದಿದರು. ಒಂಬತ್ತು ವರ್ಷದಲ್ಲಿ ತಮ್ಮ ಪಿಎಫ್ ಎಷ್ಟಿದೆ ಎಂದು ನೋಡಿದ್ದು ಇದೇ ಮೊದಲು. ಎರಡನೇ ಸಲ ಓದಿ ಒಂದು ಪ್ರಶ್ನೆ ಕೇಳಿದರು, ನನಗೆ ಉತ್ತರ ಗೊತ್ತಾಗಲಿಲ್ಲ. ಕೊನೆಯ ಬಾರಿ ಕಟ್ಟಿದ್ದು ಮಾರ್ಚ್ ತಿಂಗಳದ್ದು ಎಂದಿದೆ. ಏಪ್ರಿಲ್, ಮೇ ಎರಡೂ ತಿಂಗಳ ಚೀಟಿಯಲ್ಲಿ ಪಿಎಫ್ ಮುರಿದಿದ್ದಾರಲ್ಲ, ಅದೆಲ್ಲಿ?

ಸಂಬಳದ ಮನೆ · 29 ಜೂನ್, ಬೆಳಿಗ್ಗೆ 9.25

ಮುರಿದದ್ದನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಮೇ ತಿಂಗಳದ್ದು ಕೂಡ ಇಷ್ಟು ಹೊತ್ತಿಗೆ ಬಂದಿರಬೇಕಿತ್ತು. ಉಮಂಗ್‌ನಲ್ಲಿ ಪೂರ್ತಿ ಪಾಸ್‌ಬುಕ್ ತೆಗೆದು ನೋಡಿ, ಅಲ್ಲೂ ಇಲ್ಲದಿದ್ದರೆ ಆ ಎರಡು ಚೀಟಿಗಳ ಫೋಟೊ ಇವತ್ತೇ ತೆಗೆದಿಡಿ. ಅಮ್ಮನ ಜೊತೆ ಅದೇ ಸಾಲಿನಲ್ಲಿ ಹೊಲಿಯುವ ಬೇರೆಯವರಿಗೂ ಹೀಗೇ ಆಗಿದೆಯೇ ಎಂದು ನಾಳೆ ಕೇಳಿಕೊಂಡು ಬರಲು ಹೇಳಿ. ಆಮೇಲೆ ದೂರು ಎಲ್ಲಿ, ಹೇಗೆ ಎಂದು ಹೇಳುತ್ತೇನೆ.